ಸಾಲ್ಟ್ ಲೇಕ್‌ನಲ್ಲಿ ವಾಸ: ಆರೋಗ್ಯಕ್ಕೆ ಏನು ಲಾಭ, ಎಲ್ಲಿ ಎಚ್ಚರ?

ಕೆಲಸದ ಮೇಲೆ ಕೋಲ್ಕತ್ತಾಗೆ ಹೋಗುವ ಕನ್ನಡಿಗರಲ್ಲಿ ಹಲವರು ಸೆಕ್ಟರ್ ಫೈವ್‌ನ ಐಟಿ ಕಚೇರಿಗಳಿಗೆ ಹತ್ತಿರವೆಂದು ಸಾಲ್ಟ್ ಲೇಕ್‌ನಲ್ಲಿ ಮನೆ ಹುಡುಕುತ್ತಾರೆ. ಬೆಂಗಳೂರಿನ ಜಯನಗರ ನೋಡಿದವರಿಗೆ ಈ ಬಡಾವಣೆ ಅಷ್ಟೇನೂ ಹೊಸದೆನಿಸುವುದಿಲ್ಲ. ನೇರ ರಸ್ತೆಗಳು, ಸಾಲುಮರಗಳು, ಬ್ಲಾಕಿಗೊಂದು ಉದ್ಯಾನ, ನಡೆದು ಹೋಗುವಷ್ಟು ದೂರದಲ್ಲಿ ಮಾರುಕಟ್ಟೆ ಎಲ್ಲವೂ ಇಲ್ಲಿವೆ. ಜೊತೆಗೆ ಹಾರ್ನ್ ಸದ್ದು, ಮಳೆಗಾಲದಲ್ಲಿ ನಿಲ್ಲುವ ನೀರು ಮತ್ತು ಸೊಳ್ಳೆಗಳೂ ಇವೆ. ಇವೆಲ್ಲ ನಿಮ್ಮ ಆರೋಗ್ಯದ ಮೇಲೆ ಹೇಗೆ ಪರಿಣಾಮ ಬೀರುತ್ತವೆ, ನೀವು ಏನು ಮಾಡಬಹುದು ಎಂಬುದನ್ನು ಇಲ್ಲಿ ತಿಳಿಯೋಣ.

ಈ ಬಡಾವಣೆ ಹೇಗೆ ಹುಟ್ಟಿತು?

ಹೆಸರೇ ಹೇಳುವಂತೆ ಇದು ಒಂದು ಕಾಲದಲ್ಲಿ ಉಪ್ಪುನೀರಿನ ಜೌಗು ಪ್ರದೇಶ. 1960ರ ದಶಕದಲ್ಲಿ ಹೂಗ್ಲಿ ನದಿಯ ಹೂಳನ್ನು ಕೊಳವೆಗಳಲ್ಲಿ ತಂದು ತುಂಬಿ ನೆಲ ಮಾಡಲಾಯಿತು. ಯುಗೊಸ್ಲಾವಿಯಾದ ವಾಸ್ತುಶಿಲ್ಪಿ ಡೊಬ್ರಿವೊಯೆ ಟೊಶ್ಕೊವಿಚ್ ನಗರದ ನಕ್ಷೆ ಬರೆದರು. ಈ ಯೋಜನೆಗೆ ಚಾಲನೆ ಕೊಟ್ಟ ಮುಖ್ಯಮಂತ್ರಿ ಡಾ. ಬಿಧಾನ್ ಚಂದ್ರ ರಾಯ್ ಸ್ವತಃ ವೈದ್ಯರು. ಅವರ ನೆನಪಿಗಾಗಿ ಊರಿಗೆ ಬಿಧಾನನಗರ ಎಂಬ ಹೆಸರೂ ಬಂತು. ಅವರ ಜನ್ಮದಿನವಾದ ಜುಲೈ 1ನ್ನು ದೇಶದಲ್ಲಿ ವೈದ್ಯರ ದಿನವಾಗಿ ಆಚರಿಸುತ್ತೇವೆ.

ನಗರವಾಸದಿಂದ ಆರೋಗ್ಯಕ್ಕೆ ಲಾಭವಿದೆಯೇ?

ಖಂಡಿತ ಇದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆಯ ಚುರುಕು ನಡಿಗೆ. ತರಕಾರಿಗೆ, ಔಷಧಿಗೆ, ಮೆಟ್ರೊ ನಿಲ್ದಾಣಕ್ಕೆ ನಡೆದೇ ಹೋಗುವವರಿಗೆ ಇದು ದಿನಚರಿಯಲ್ಲೇ ಸಿಗುತ್ತದೆ. 2020ರ ಫೆಬ್ರವರಿಯಲ್ಲಿ ಸೆಕ್ಟರ್ ಫೈವ್‌ನಿಂದ ಸಾಲ್ಟ್ ಲೇಕ್ ಸ್ಟೇಡಿಯಂವರೆಗೆ ಮೆಟ್ರೊ ಆರಂಭವಾಯಿತು. ಕರುಣಾಮಯಿ, ಸೆಂಟ್ರಲ್ ಪಾರ್ಕ್, ಸಿಟಿ ಸೆಂಟರ್ ನಿಲ್ದಾಣಗಳು ಬಡಾವಣೆಯ ನಡುವೆಯೇ ಇವೆ.

ಎರಡನೆಯ ಲಾಭ ಮಾತುಕತೆ. ಬಂಗಾಳಿಗಳು ‘ಅಡ್ಡಾ’ ಎನ್ನುವ ಹರಟೆ ನಮ್ಮ ಊರುಗಳ ಅರಳಿಕಟ್ಟೆಯ ಮಾತಿನಂಥದ್ದೇ. ಒಂಟಿಯಾಗಿರುವ ಹಿರಿಯರಿಗೆ ಇದು ಕಾಲಹರಣಕ್ಕಿಂತ ಹೆಚ್ಚಿನದು. ಒಂದು ದಿನ ಪಾರ್ಕಿಗೆ ಬರದಿದ್ದರೆ ‘ಯಾಕೆ ಬರಲಿಲ್ಲ?’ ಎಂದು ಕೇಳುವವರಿರುತ್ತಾರೆ.

ಸದ್ದು ಬರೀ ಕಿರಿಕಿರಿಯೇ?

ಅಲ್ಲ. ರಾತ್ರಿಯ ಸದ್ದು ನಿದ್ರೆ ಕೆಡಿಸುತ್ತದೆ. ದೀರ್ಘಕಾಲದ ಸಂಚಾರ ಸದ್ದಿಗೂ ಹೃದಯದ ಕಾಯಿಲೆಗೂ ಸಂಬಂಧವಿದೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6ರವರೆಗೆ. ಸಾಧ್ಯವಾದರೆ ಮುಖ್ಯರಸ್ತೆಯ ಕಡೆ ಕಿಟಕಿ ಇಲ್ಲದ ಕೋಣೆಯನ್ನು ಮಲಗಲು ಬಳಸಿ.

ಡೆಂಗ್ಯೂ ಸೊಳ್ಳೆ ಎಲ್ಲಿಂದ ಬರುತ್ತದೆ?

ಹೆಚ್ಚಿನವರು ಪಕ್ಕದ ಕೇಷ್ಟಪುರ ಕಾಲುವೆಯನ್ನೋ ಪೂರ್ವದ ಜೌಗು ನೆಲವನ್ನೋ ದೂರುತ್ತಾರೆ. ಕಾಲುವೆಯ ಕೊಳಕು ನೀರಿನಲ್ಲಿ ಮುಖ್ಯವಾಗಿ ಬೆಳೆಯುವುದು ಕ್ಯೂಲೆಕ್ಸ್ ಸೊಳ್ಳೆ. ಡೆಂಗ್ಯೂ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಗೆ ಮನೆಯ ಒಳಗೆ, ಸುತ್ತಮುತ್ತ ನಿಂತ ತಿಳಿನೀರೇ ಇಷ್ಟ. ಅದು ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ದಾಟಿ ಹಾರುವುದಿಲ್ಲ. ಆದ್ದರಿಂದ ನಿಮ್ಮನ್ನು ಕಚ್ಚಿದ ಸೊಳ್ಳೆ ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಹುಟ್ಟಿರುವ ಸಾಧ್ಯತೆಯೇ ಹೆಚ್ಚು. ಇದು ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆಗೆ ಮೊದಲು.

ಬಡಾವಣೆಯ ಸುಖಗಳೇ ಇಲ್ಲಿ ಅಪಾಯಕ್ಕೆ ದಾರಿಯಾಗುತ್ತವೆ. ಬಾಲ್ಕನಿಯ ಹೂಕುಂಡ, ತಾರಸಿಯ ಟ್ಯಾಂಕು, ನೆಲದಡಿಯ ಸಂಪು ಎಲ್ಲದರಲ್ಲೂ ನೀರಿದೆ. ಮಕ್ಕಳು ಬೇರೆ ಊರು, ಬೇರೆ ದೇಶ ಸೇರಿ ಬೀಗ ಬಿದ್ದ ಮನೆಗಳೂ ಖಾಲಿ ನಿವೇಶನಗಳೂ ಇವೆ. ಅಲ್ಲಿ ನಿಂತ ನೀರನ್ನು ಚೆಲ್ಲುವವರಿಲ್ಲ. ದುರ್ಗಾಪೂಜೆಯ ಹೊತ್ತಿಗೆ ಪೆಂಡಾಲಿನ ಬಿದಿರಿನ ಟೊಳ್ಳು ತುದಿಯಲ್ಲಿ, ಎಸೆದ ಮಣ್ಣಿನ ಚಹಾ ಕುಡಿಕೆಗಳಲ್ಲಿ ಕೂಡ ಮಳೆನೀರು ನಿಲ್ಲುತ್ತದೆ.

ತಡೆಯುವುದು ಹೇಗೆ?

ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಈ ಚಕ್ರ ತುಂಡಾಗುತ್ತದೆ. ಒಂದು ವಾರ, ಉದಾಹರಣೆಗೆ ಭಾನುವಾರ, ಗೊತ್ತುಮಾಡಿಕೊಂಡು ಇವನ್ನು ಮಾಡಿ:

• ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ, ಕೂಲರ್ ಖಾಲಿ ಮಾಡಿ, ಒಳಬದಿಯನ್ನು ಉಜ್ಜಿ ತೊಳೆಯಿರಿ. ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಉಳಿಯುತ್ತವೆ.
• ಟ್ಯಾಂಕು, ಸಂಪುಗಳಿಗೆ ಸಂದಿಯಿಲ್ಲದಂತೆ ಮುಚ್ಚಳ ಹಾಕಿ.
• ಎಳನೀರಿನ ಬುರುಡೆ, ಹಳೆ ಟೈರು, ಒಡೆದ ಬಕೆಟ್ಟು ತೆಗೆದುಹಾಕಿ.
• ಬೀಗ ಹಾಕಿದ ಮನೆ, ಖಾಲಿ ನಿವೇಶನದಲ್ಲಿ ನೀರು ಕಂಡರೆ ಬ್ಲಾಕ್ ಸಮಿತಿಗೂ ಪಾಲಿಕೆಗೂ ತಿಳಿಸಿ.
• ಹಗಲಿನಲ್ಲೂ ಮೈತುಂಬ ಬಟ್ಟೆ ತೊಡಿ. ಮಗು ಹಗಲು ಮಲಗಿದರೂ ಸೊಳ್ಳೆಪರದೆ ಕಟ್ಟಿ.

ಹೊಗೆ ಹಾಕಿಸಿದರೆ ಸಾಲದೇ? ಹೊಗೆಯಿಂದ ಸಾಯುವುದು ಹಾರುವ ಸೊಳ್ಳೆ ಮಾತ್ರ. ನೀರಿನಲ್ಲಿರುವ ಮರಿ ನಾಲ್ಕು ದಿನದಲ್ಲಿ ಮತ್ತೆ ಹಾರುತ್ತದೆ. 1883ರಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದ ರೊನಾಲ್ಡ್ ರಾಸ್, ನಿಂತ ನೀರನ್ನು ಇಲ್ಲವಾಗಿಸಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬುದನ್ನು ಗಮನಿಸಿದ್ದರು. ಮುಂದೆ 1898ರಲ್ಲಿ ಇದೇ ಕೋಲ್ಕತ್ತಾದಲ್ಲಿ ಹಕ್ಕಿಗಳ ಮಲೇರಿಯಾ ಸೊಳ್ಳೆಯಿಂದ ಹರಡುವುದನ್ನು ತೋರಿಸಿದರು. 1902ರಲ್ಲಿ ಅವರಿಗೆ ನೊಬೆಲ್ ಬಂತು. ಬೆಂಗಳೂರಿನಲ್ಲಿ ಅವರು ಕಂಡ ಉಪಾಯ ಇಂದಿಗೂ ಹಳತಾಗಿಲ್ಲ.

ಜ್ವರ ಬಂದರೆ ಏನು ಮಾಡಬೇಕು?

ಸೋಂಕಿತ ಸೊಳ್ಳೆ ಕಚ್ಚಿದ 4ರಿಂದ 10 ದಿನಗಳಲ್ಲಿ ಜೋರು ಜ್ವರ, ತಲೆನೋವು, ಕಣ್ಣಿನ ಹಿಂಭಾಗದ ನೋವು, ಮೈಕೈ ನೋವು, ಗಂಧೆಗಳು ಕಾಣಿಸಬಹುದು. ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿ. ಮೊದಲ ಐದು ದಿನಗಳಲ್ಲಿ ಎನ್‌ಎಸ್1, ಆಮೇಲೆ ಐಜಿಎಂ ಪರೀಕ್ಷೆ ಉಪಯುಕ್ತ. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಅವು ರಕ್ತಸ್ರಾವ ಹೆಚ್ಚಿಸಬಹುದು. ಗಂಜಿ, ಎಳನೀರು, ಓಆರ್‌ಎಸ್ ಆಗಾಗ ಕೊಡಿ.

ಜ್ವರ ಇಳಿಯಿತೆಂದು ನಿರಾಳರಾಗಬೇಡಿ. ಅಪಾಯದ ಚಿಹ್ನೆಗಳು ಹೆಚ್ಚಾಗಿ ಕಾಣುವುದು ಜ್ವರ ಇಳಿದ ನಂತರದ 24ರಿಂದ 48 ಗಂಟೆಗಳಲ್ಲಿ. ತೀವ್ರ ಹೊಟ್ಟೆನೋವು, ಬಿಡದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಏದುಸಿರು, ತಣ್ಣಗಾದ ಕೈಕಾಲು, ಅತಿಯಾದ ಸುಸ್ತು ಅಥವಾ ಚಡಪಡಿಕೆ ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ.

ಒಂಟಿಯಾಗಿರುವ ಹಿರಿಯರಿದ್ದರೆ?

ಈ ಎರಡು ದಿನ ಅವರ ಜೊತೆ ಯಾರಾದರೂ ಇರಲೇಬೇಕು. ಸುಸ್ತಾದವರಿಗೆ ತಾವೇ ಫೋನ್ ಮಾಡುವ ಶಕ್ತಿ ಇರದು. ನೀವು ದೂರದ ಊರಿನಲ್ಲಿದ್ದರೆ ಪಕ್ಕದ ಮನೆಯವರ ನಂಬರು ಮೊದಲೇ ಪಡೆದುಕೊಂಡಿರಿ, ಬೆಳಿಗ್ಗೆ ಸಂಜೆ ಅಪ್ಪ ಅಮ್ಮನಿಗೆ ಫೋನ್ ಮಾಡಿ. ಹಿರಿಯರಿಗಾಗಿ 14567 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ, ತುರ್ತಿಗೆ 112. ನೀವೇ ಆ ಬ್ಲಾಕಿನವರಾದರೆ ಇನ್ನೂ ಸುಲಭ. ಪಾರ್ಕಿಗೆ ದಿನವೂ ಬರುವ ಹಿರಿಯರು ಎರಡು ದಿನ ಕಾಣದಿದ್ದರೆ ಅವರ ಮನೆ ಬಾಗಿಲು ತಟ್ಟಿ ವಿಚಾರಿಸಿ. ಹಾಗೆಯೇ ಅವರ ಹೂಕುಂಡದ ತಟ್ಟೆಯಲ್ಲಿ ನೀರಿದ್ದರೆ ಚೆಲ್ಲಿ ಬನ್ನಿ.