ಹಾಸಿಗೆಯ ಕೆಳಗೆ 23,000 ಡಾಲರ್

ಬಾಗಿಲು ತೆರೆದಾಗ ಒಳಗೆ ಎಲ್ಲವೂ ಇತ್ತು! ಗೋಡೆಯುದ್ದಕ್ಕೂ ಬೇರು, ನಾರು, ತೊಗಟೆ, ಒಣಗಿದ ಹೂವು ತುಂಬಿದ ಡಬ್ಬಿಗಳು, ಐನೂರಕ್ಕೂ ಹೆಚ್ಚು ಬಗೆಯ ಮದ್ದು. ಅಡುಗೆಮನೆಯಲ್ಲಿ ಒಲೆ, ಪಾತ್ರೆ. ದೇವರ ಮುಂದೆ ಧೂಪದ ಬಟ್ಟಲು. ಹೊಗೆ ಹಿಡಿದು ಕಪ್ಪಾದ ಮಾಡು. ವೈದ್ಯರು ಈಗಷ್ಟೇ ಎದ್ದು ಹೋದ ಹಾಗೆ.

ಆದರೆ ಅವರು ಎದ್ದು ಹೋಗಿ ಆಗಲೇ ಎಷ್ಟೋ ವರ್ಷಗಳಾಗಿದ್ದವು.

ಈ ಕಟ್ಟಡ ಇರುವುದು ಅಮೆರಿಕದ ಆರೆಗಾನ್ ರಾಜ್ಯದ ಪೂರ್ವದ ಒಣ ಗುಡ್ಡಗಳ ನಡುವಿನ ಜಾನ್ ಡೇ ಎಂಬ ಊರಿನಲ್ಲಿ. ಎರಡು ಸಾವಿರ ಜನವೂ ಇಲ್ಲದ ಪುಟ್ಟ ಊರು. ದಪ್ಪ ಕಲ್ಲಿನ ಗೋಡೆ, ಚಿಕ್ಕ ಕಿಟಕಿ, ತಗಡು ಹೊದಿಸಿದ ಬಾಗಿಲು. ಹೊರಗಿನಿಂದ ನೋಡಿದವರು ಯಾವುದೋ ಹಳೆಯ ಉಗ್ರಾಣವೆಂದು ಮುಂದೆ ಹೋಗಿಬಿಡಬಹುದು. ದಯವಿಟ್ಟು ಹೋಗಬೇಡಿ! ಇದರ ಹೆಸರು ಕಾಮ್ ವಾ ಚುಂಗ್.

1862ರಲ್ಲಿ ಈ ಸೀಮೆಯಲ್ಲಿ ಚಿನ್ನ ಸಿಕ್ಕಿತು. ಹಿಂದೆಯೇ ಚೀನಾದಿಂದ ಸಾವಿರಾರು ಕೂಲಿಯವರು ಬಂದರು. 1882ರಲ್ಲಿ ಅಮೆರಿಕ ಕಾನೂನು ಮಾಡಿ ಚೀನೀ ಕೂಲಿಗಳಿಗೆ ಬಾಗಿಲು ಮುಚ್ಚಿತು. ಅಂಥ ಹೊತ್ತಿನಲ್ಲಿ, 1880ರ ದಶಕದ ಕೊನೆಗೆ, ಇಂಗ್ ಹೇ ಮತ್ತು ಲಂಗ್ ಆನ್ ಎಂಬ ಇಬ್ಬರು ಚೀನೀಯರು ಈ ಅಂಗಡಿ ಹಿಡಿದರು. ಲಂಗ್ ಆನ್ ಮಾತುಗಾರ, ವ್ಯಾಪಾರಿ, ಇಂಗ್ಲಿಷ್ ಬಲ್ಲವರು, ಮುಂದೆ ಮೋಟಾರು ಕಾರುಗಳನ್ನೂ ಮಾರಿದವರು. ಹೇ ನಾಡಿ ಹಿಡಿದು ರೋಗ ಹೇಳುವ ವೈದ್ಯರು. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಸುಮ್ಮನೆ ಕೂರುವುದು, ಆಮೇಲೆ ಡಬ್ಬಿಗಳಿಂದ ಒಂದೊಂದೇ ಮದ್ದು ತೂಗಿ ಕಟ್ಟಿಕೊಡುವುದು. ನಾಡಿ ನೋಡುವ ಪಂಡಿತರನ್ನೂ ಗ್ರಂಧಿಗೆ ಅಂಗಡಿಯನ್ನೂ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆರಗಿನ ವಿಷಯವೆಂದರೆ, ಚೀನೀಯರನ್ನು ದೂರವಿಟ್ಟ ಆ ಕಾಲದಲ್ಲಿ ಬಿಳಿಯ ರೈತರು, ದನಗಾಹಿಗಳು, ಅವರ ಹೆಂಡಿರು ಮಕ್ಕಳು ಈ ತಗಡಿನ ಬಾಗಿಲು ತಟ್ಟಿ ಹೇ ಅವರ ಮುಂದೆ ಕೈ ಚಾಚಿದರು!

ಅಂಗಡಿ ಎಂದರೆ ಬರೀ ಅಂಗಡಿಯಲ್ಲ. ಅದೇ ಔಷಧಾಲಯ, ಅದೇ ಗುಡಿ, ಅದೇ ಛತ್ರ. ದುಡಿದು ದಣಿದವರು ಮಲಗಲು ಹಲಗೆ ಮಂಚಗಳು. ಊರಿಗೆ ಕಾಗದ ಬರೆಸಿಕೊಳ್ಳಲು ಲಂಗ್ ಆನ್.

ಲಂಗ್ ಆನ್ 1940ರಲ್ಲಿ ತೀರಿಕೊಂಡರು. 1948ರಲ್ಲಿ ಹೇ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಪೋರ್ಟ್‌ಲ್ಯಾಂಡ್‌ಗೆ ಹೋದರು, ಮತ್ತೆ ಮರಳಲಿಲ್ಲ, 1952ರಲ್ಲಿ ತೀರಿಹೋದರು. ಕಟ್ಟಡವನ್ನು ವಸ್ತುಸಂಗ್ರಹಾಲಯ ಮಾಡಲಿ ಎಂದು 1955ರಲ್ಲಿ ಊರಿನ ಆಡಳಿತಕ್ಕೆ ಬರೆದುಕೊಡಲಾಯಿತು. ಊರು ಅದನ್ನು ಮರೆತೇಬಿಟ್ಟಿತು! 1960ರ ದಶಕದ ಕೊನೆಗೆ ಪಾರ್ಕಿಗೆಂದು ಜಾಗ ನೋಡುವಾಗಲೇ ಈ ಕಟ್ಟಡ ತನ್ನದೇ ಎಂದು ಅದಕ್ಕೆ ತಿಳಿದದ್ದು. ಆ ಮರೆವೇ ಅದನ್ನು ಕಾಪಾಡಿತು. ಇಲ್ಲದಿದ್ದರೆ ಒಂದೊಂದು ಡಬ್ಬಿಯೂ ಒಂದೊಂದು ಕಡೆ ಚೆದುರಿಹೋಗುತ್ತಿತ್ತು ಎಂದೇ ನನಗನಿಸುತ್ತದೆ. 2005ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು.

ಸಿಕ್ಕಿದ ವಸ್ತುಗಳಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ವೈದ್ಯರ ಹಾಸಿಗೆಯ ಕೆಳಗಿದ್ದ ಚೆಕ್ಕುಗಳ ಕಟ್ಟು. ರೋಗಿಗಳು ಕೊಟ್ಟವು, ಒಟ್ಟು 23,000 ಡಾಲರಿನಷ್ಟು. ಒಂದನ್ನೂ ಬ್ಯಾಂಕಿಗೆ ಹಾಕಿರಲಿಲ್ಲ. ಕೊಟ್ಟವರ ಕೈ ಬರಿದಾಗಿರುವುದು ಅವರಿಗೆ ಗೊತ್ತಿತ್ತು ಎನ್ನುತ್ತಾರೆ.