ಲೆಕ್ಕ ಬಾರದ ಮಾಮ ತಂದ ಲೆಕ್ಕದ ಪುಸ್ತಕ

ಶುಕ್ರವಾರ ಬೆಳಿಗ್ಗೆ ಏಳೂವರೆ ಆಯಿತೆಂದರೆ ನಮ್ಮ ಪುಟ್ಟನಿಗೆ ಹೊಟ್ಟೆನೋವು ಶುರು. ಸೋಮವಾರ ಇಲ್ಲ, ಬುಧವಾರ ಇಲ್ಲ, ಬರೀ ಶುಕ್ರವಾರ. ಡಾಕ್ಟರ್ ಹೊಟ್ಟೆ ಒತ್ತಿ ನೋಡಿ ಏನೂ ಇಲ್ಲ ಅಂದರು. ಅಕ್ಕ ಒಂದು ದಿನ ಶಾಲೆಯ ವೇಳಾಪಟ್ಟಿ ತೆಗೆದು ನೋಡಿದಾಗ ರೋಗ ಸಿಕ್ಕಿತು. ಶುಕ್ರವಾರ ಮೊದಲ ಪಿರಿಯಡ್ 'ಸ್ಪೀಡ್ ಮ್ಯಾಥ್ಸ್'. ಎರಡು ನಿಮಿಷಕ್ಕೆ ಇಪ್ಪತ್ತು ಲೆಕ್ಕ. ಮುಗಿಸದವರ ಹೆಸರು ಬೋರ್ಡಿನ ಮೇಲೆ. ಮೂರನೇ ಕ್ಲಾಸಿನ ಹುಡುಗ, ಜೂನ್‌ನಿಂದ ದಸರಾವರೆಗೆ ಅವನ ಹೆಸರು ಆ ಬೋರ್ಡಿನಿಂದ ಇಳಿದಿರಲೇ ಇಲ್ಲ.

ದಸರಾ ರಜೆ ಮುಗಿದ ಮೇಲೆ ಅವನು ಶಾಲೆಗೆ ಹೋಗಲಿಲ್ಲ. ಅಕ್ಕ ಮನೆಯಲ್ಲೇ ಕಲಿಸುತ್ತೇನೆ ಎಂದಳು. ಭಾವ ಒಪ್ಪಿದರು, ಆದರೆ ಷರತ್ತಿನ ಮೇಲೆ: ಜೂನ್‌ವರೆಗೆ ನೋಡೋಣ, ಆಗಲಿಲ್ಲವೆಂದರೆ ಮತ್ತೆ ಶಾಲೆ. ಅಕ್ಕಪಕ್ಕದವರ ಪ್ರಶ್ನೆ ಒಂದೇ, 'ಹಾಗಾದ್ರೆ ಎಕ್ಸಾಮ್?' ಎನ್‌ಐಒಎಸ್‌ ಎಂಬ ರಾಷ್ಟ್ರೀಯ ಮುಕ್ತ ಶಾಲೆ ಇದೆ, 14 ತುಂಬಿದ ಮೇಲೆ ಹತ್ತನೇ ಕ್ಲಾಸಿನ ಪರೀಕ್ಷೆ ಅಲ್ಲಿಂದ ಬರೆಯಬಹುದು ಎಂದು ಅಕ್ಕ ಲಿಫ್ಟಿನಲ್ಲಿ, ತರಕಾರಿ ಅಂಗಡಿಯಲ್ಲಿ ಹೇಳಿ ಹೇಳಿ ಸುಸ್ತಾದಳು.

ಕನ್ನಡ, ಪರಿಸರ ಅಧ್ಯಯನ ಸಲೀಸಾಗಿ ಸಾಗಿದವು. ಹಲ್ಲಿಯ ಬಾಲದ ಬಗ್ಗೆ ಪುಟ್ಟ ಅರ್ಧ ಗಂಟೆ ಮಾತಾಡಬಲ್ಲ. ಆದರೆ ಲೆಕ್ಕದ ಪುಸ್ತಕ ತೆಗೆದರೆ ಅದೇ ಹೊಟ್ಟೆನೋವು, ಈಗ ವಾರಕ್ಕೆ ಐದು ದಿನ! ಅಕ್ಕ ಕೈಚೆಲ್ಲಿ ನನ್ನನ್ನು ಕರೆದಳು. ನಾನು ಬಿ.ಕಾಂ. ಕೊನೆಯ ವರ್ಷ, ಅವಳ ಮನೆಯಲ್ಲೇ ಇದ್ದು ಓದುವವನು. 'ಅವನಿಗೆ ಇಷ್ಟ ಆಗೋ ಲೆಕ್ಕದ ಪುಸ್ತಕ ನೀನೇ ಹುಡುಕು. ನಿನಗೂ ಲೆಕ್ಕ ಬರಲ್ವಲ್ಲ, ನಿನಗೆ ಅರ್ಥ ಆಗಿದ್ದು ಯಾರಿಗಾದ್ರೂ ಅರ್ಥ ಆಗತ್ತೆ' ಅಂದಳು. ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ಯೋಚಿಸುವಷ್ಟರಲ್ಲಿ ಕೈಗೆ ದುಡ್ಡು ಬಂದಿತ್ತು.

ಮೊದಲ ತಪ್ಪು ಮಾಡಲು ನನಗೆ ಎರಡೇ ದಿನ ಸಾಕಾಯಿತು. ಆನ್‌ಲೈನಿನಲ್ಲಿ ಅಮೆರಿಕದ ವರ್ಕ್‌ಬುಕ್ ಸೆಟ್ ಕಣ್ಣಿಗೆ ಬಿತ್ತು. ಮಿರಮಿರ ಕಾಗದ, ಪುಟಪುಟಕ್ಕೂ ಡೈನೊಸಾರ್. 2,400 ರೂಪಾಯಿ. ನನಗಂತೂ ತುಂಬಾ ಇಷ್ಟವಾಯಿತು! ಪುಟ್ಟನೂ ಮೂರು ದಿನ ಖುಷಿಯಲ್ಲೇ ಬಣ್ಣ ತುಂಬಿದ. ನಾಲ್ಕನೇ ದಿನ ದುಡ್ಡಿನ ಪಾಠ ಬಂತು. ನಿಕಲ್ ಅಂದರೆ 5 ಸೆಂಟ್, ಡೈಮ್ ಅಂದರೆ 10 ಸೆಂಟ್, ಆದರೆ ನಿಕಲ್‌ಗಿಂತ ಡೈಮ್ ಚಿಕ್ಕದು. 'ಚಿಕ್ಕ ನಾಣ್ಯಕ್ಕೆ ಯಾಕೆ ಜಾಸ್ತಿ ಬೆಲೆ ಮಾಮ?' ನನಗೆ ಗೊತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ 25 ಸೆಂಟಿನ ಕ್ವಾರ್ಟರ್. 'ಕ್ವಾರ್ಟರ್ ನನಗೆ ಗೊತ್ತು, ಬೀದಿ ಕೊನೆ ಅಂಗಡೀಲಿ ಸಿಗತ್ತೆ' ಎಂದು ಅವನು ಜೋರಾಗಿ ಹೇಳುವ ಹೊತ್ತಿಗೆ ಅಜ್ಜಿ ಒಳಗೆ ಬರಬೇಕೆ? ಸೆಟ್ಟು ಹನ್ನೆರಡನೇ ಪುಟಕ್ಕೆ ನಿಂತಿತು.

ಎರಡನೆಯದು ಮೊಬೈಲ್ ಆ್ಯಪ್. ಸರಿ ಉತ್ತರಕ್ಕೆ ನಕ್ಷತ್ರ, ಹತ್ತು ನಕ್ಷತ್ರಕ್ಕೆ ಒಂದು ಮೊಟ್ಟೆ, ಮೊಟ್ಟೆ ಒಡೆದರೆ ಡ್ರ್ಯಾಗನ್. ಪುಟ್ಟ ಬಿಡಲೊಲ್ಲ. ನಾನು ಗೆದ್ದೆ ಎಂದುಕೊಂಡೆ. ಒಂದು ಸಂಜೆ ಹಿಂದೆ ನಿಂತು ನೋಡಿದರೆ ಹುಡುಗ ಪ್ರಶ್ನೆ ಓದುತ್ತಲೇ ಇಲ್ಲ. ನಾಲ್ಕು ಆಯ್ಕೆಗಳನ್ನು ಸಾಲಾಗಿ ಒತ್ತುತ್ತಾನೆ, ಯಾವುದೋ ಒಂದು ಸರಿಯಾಗುತ್ತದೆ, ಡ್ರ್ಯಾಗನ್ ಬರುತ್ತದೆ. ಊಟಕ್ಕೆ ಕೂತಾಗ ಸುಮ್ಮನೆ 7ಕ್ಕೆ 8 ಸೇರಿಸಿದರೆ ಎಷ್ಟು ಎಂದು ಕೇಳಿದೆ. ಎಡಗೈ ಟೇಬಲಿನ ಕೆಳಗೆ ಹೋಯಿತು. ಬೆರಳು ಎಣಿಸುವುದನ್ನು ಯಾರೂ ನೋಡಬಾರದು ಅಂತ. ಅವನಿಗೆ ಇಷ್ಟವಾಗಿದ್ದು ಡ್ರ್ಯಾಗನ್, ಲೆಕ್ಕವಲ್ಲ. ಈ ಎರಡನ್ನೂ ನಾನು ಒಂದೇ ಎಂದುಕೊಂಡಿದ್ದೆ.

ಅಲ್ಲಿಂದ ಮುಂದೆ ಕೊಳ್ಳುವುದನ್ನು ನಿಲ್ಲಿಸಿ ಓದತೊಡಗಿದೆ. ಹೋಮ್‌ಸ್ಕೂಲಿಂಗ್ ಮಾಡುವವರು ಹೇಳುವ ಹೆಸರುಗಳು ಹಲವು. 'ಬೀಸ್ಟ್ ಅಕಾಡೆಮಿ' ಎಂಬುದು ರಾಕ್ಷಸ ಮಕ್ಕಳು ಶಾಲೆಗೆ ಹೋಗುವ ಕಾಮಿಕ್ಸ್. ಮಾದರಿ ಪುಟಗಳನ್ನು ತೋರಿಸಿದೆ, ಪುಟ್ಟ ಬಿದ್ದು ಬಿದ್ದು ನಕ್ಕ. ಅಭ್ಯಾಸದ ಲೆಕ್ಕ ಮಾತ್ರ ನನ್ನ ಬೆವರನ್ನೂ ಇಳಿಸಿತು. ಲೆಕ್ಕದ ರುಚಿ ಆಗಲೇ ಹತ್ತಿದ ಮಕ್ಕಳಿಗೆ ಅದು ಹಬ್ಬ, ನಮ್ಮವನಿಗೆ ಮತ್ತೊಂದು ಶುಕ್ರವಾರ. ಸಿಂಗಪುರ ಪದ್ಧತಿಯದು ಬೇರೆ ದಾರಿ. ಮೊದಲು ವಸ್ತು ಕೈಯಲ್ಲಿ ಹಿಡಿ, ಆಮೇಲೆ ಅದರ ಚಿತ್ರ ಬರಿ, ಕೊನೆಗೆ ಅಂಕಿ. 1980ರ ದಶಕದಿಂದ ಆ ಪುಟ್ಟ ದೇಶ ತನ್ನ ಮಕ್ಕಳಿಗೆ ಹೀಗೆ ಕಲಿಸುತ್ತಿದೆ. ಇದು ಹಿಡಿಸಿತು.

ಇಂಥ ಪುಸ್ತಕ ಮಾರುವ ಹಲವರು ಮಗು ಯಾವ ಮಟ್ಟದಿಂದ ಶುರು ಮಾಡಬೇಕೆಂದು ತಿಳಿಯಲು ಉಚಿತ ಪ್ಲೇಸ್‌ಮೆಂಟ್ ಟೆಸ್ಟ್ ಕೊಡುತ್ತಾರೆ. ಗಡಿಯಾರ ಇಡದೆ ಒಂದನ್ನು ಮಾಡಿಸಿದೆವು. ಬಂದ ಉತ್ತರ: ಎರಡನೇ ತರಗತಿ, ಅದೂ ಮೊದಲ ಭಾಗ.

ಅವತ್ತು ರಾತ್ರಿ ಮನೆಯಲ್ಲಿ ಜಗಳ. 'ಮೂರರಿಂದ ಬಿಡಿಸಿ ಎರಡಕ್ಕೆ ಕೂರಿಸೋಕಾ ಇಷ್ಟೆಲ್ಲ?' ಎಂದರು ಭಾವ. ಅವರ ಸಿಟ್ಟಿನಲ್ಲಿ ಭಯ ಇತ್ತು, ಅದು ನನಗೂ ಗೊತ್ತಾಗುತ್ತಿತ್ತು. ಜೂನ್‌ನಲ್ಲಿ ವಾಪಸ್ ಸೇರಿಸಬೇಕಾಗಿ ಬಂದರೆ ಹುಡುಗ ಇನ್ನೂ ಹಿಂದೆ ಬಿದ್ದಿರುತ್ತಾನಲ್ಲ? ಅಕ್ಕ ಅಳುತ್ತಾ ಕೂತಳು. ನನಗೆ ನೆನಪಾಗಿದ್ದು ನನ್ನೂರಿನ ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆ. 1995ರಲ್ಲಿ ಎಚ್‌.ಡಿ. ಕೋಟೆಯಲ್ಲಿ ಶುರುವಾದ ಆ ಪದ್ಧತಿ ನಾನು ಒಂದನೇ ಕ್ಲಾಸಿಗೆ ಹೋಗುವ ಹೊತ್ತಿಗೆ ನಮ್ಮೂರಿಗೂ ಬಂದಿತ್ತು. ಗೋಡೆ ಮೇಲೆ ಕಲಿಕಾ ಏಣಿ, ಪ್ರತಿ ಮೆಟ್ಟಿಲಿಗೂ ಕಾರ್ಡು. ಒಬ್ಬ ಮೇಲಿನ ಮೆಟ್ಟಿಲಲ್ಲಿ, ಪಕ್ಕದವನು ಕೆಳಗೆ. ಕೆಳಗಿದ್ದವನ ಹೆಸರನ್ನು ಯಾರೂ ಬೋರ್ಡಿನ ಮೇಲೆ ಬರೆಯುತ್ತಿರಲಿಲ್ಲ. ನನಗೆ ಲೆಕ್ಕ ಕೈಕೊಟ್ಟಿದ್ದು ನಾಲ್ಕನೇ ಕ್ಲಾಸಿನಿಂದ, ಮಗ್ಗಿಗೆ ಕೋಲು ಬಂದ ಮೇಲೆ. ಇದನ್ನು ಹೇಳಿದೆ. ಭಾವ ಒಪ್ಪಿದರು ಅಂತಲ್ಲ, ಸುಮ್ಮನಾದರು.

ಇನ್ನೊಂದು ಸಂಗತಿ ಆಕಸ್ಮಿಕವಾಗಿ ತಿಳಿಯಿತು. ಒಬ್ಬನ ಹತ್ತಿರ 15 ಗೋಲಿ, ಇನ್ನೊಬ್ಬನ ಹತ್ತಿರ 9, ಮೊದಲನೆಯವನ ಬಳಿ 'ಹೌ ಮೆನಿ ಮೋರ್?' ಎಂಬ ಲೆಕ್ಕಕ್ಕೆ ಪುಟ್ಟ ಪ್ರತಿ ಸಲ 24 ಎನ್ನುತ್ತಿದ್ದ. 'ಮೋರ್' ಕಂಡರೆ ಕೂಡು ಎಂದು ಅವನು ಪಾಠ ಮಾಡಿಕೊಂಡಿದ್ದ. ಅದನ್ನೇ ನಾನು 'ಅವನ ಹತ್ರ ಎಷ್ಟು ಜಾಸ್ತಿ ಇದೆಯೋ?' ಅಂದೆ. 'ಆರು' ಅಂದ, ತಲೆ ಎತ್ತದೆ. ಇಷ್ಟು ದಿನ ಲೆಕ್ಕದ ಹೆಸರಿನಲ್ಲಿ ನಾವು ಇಂಗ್ಲಿಷ್ ಪರೀಕ್ಷೆ ಮಾಡುತ್ತಿದ್ದೆವು! ಅವತ್ತೇ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಎರಡನೇ ತರಗತಿಯ ಕನ್ನಡ ಮಾಧ್ಯಮದ ಗಣಿತ ಪುಸ್ತಕ ಇಳಿಸಿಕೊಂಡೆ. ದುಡ್ಡು ಕೊಡಬೇಕಿಲ್ಲ, ಪ್ರಿಂಟ್ ಖರ್ಚಷ್ಟೇ. ಜೊತೆಗೆ ಎನ್‌ಸಿಇಆರ್‌ಟಿಯ ಹಳೆಯ 'ಮ್ಯಾಥ್ ಮ್ಯಾಜಿಕ್' ಪುಸ್ತಕಗಳಿಂದ ಬೇಕಾದ ಪಾಠಗಳನ್ನು ಆರಿಸಿ ನಾನೇ ಕನ್ನಡದಲ್ಲಿ ಹೇಳುವುದು ಅಂತಾಯಿತು. ನಾಲ್ಕನೇ ತರಗತಿಯದರಲ್ಲಿ ಗುಜರಿ ವ್ಯಾಪಾರ ಮಾಡುವ ಹೆಣ್ಣುಮಗಳ ಪಾಠವಿದೆ. ಅದನ್ನು ನಾನು ನನಗೋಸ್ಕರ ಓದಿದೆ. ಬಿ.ಕಾಂ.ನವನು ಕಲಿಯಬಹುದಾದ ಪಾಠ.

ಕೈಗೆ ಏನು ಕೊಡುವುದು? ಅಜ್ಜಿ ಹುಣಸೆಬೀಜ ಕೊಟ್ಟರು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಚೌಕಾಬಾರದ ಮನೆಯನ್ನೂ ಬರೆದರು. ನನ್ನ ಕಾಯಿ ಹೊಡೆಯಲು ಇನ್ನು ಮೂರು ಬೇಕು, ಐದು ಬೇಕು ಎಂದು ಪುಟ್ಟ ಕವಡೆ ಬೀಳುವ ಮೊದಲೇ ಹೇಳುತ್ತಿದ್ದ. ಬೆರಳು ಟೇಬಲಿನ ಕೆಳಗೆ ಹೋಗಲಿಲ್ಲ, ಅಲ್ಲಿ ಟೇಬಲೇ ಇರಲಿಲ್ಲ. ಇನ್ನೊಂದು ನೂರು ಮಣಿಗಳ ಮಾಲೆ. ದೆಹಲಿಯ ಜೋಡೋ ಗ್ಯಾನ್ ಸಂಸ್ಥೆಯವರು 'ಗಣಿತಮಾಲಾ' ಎಂದು ಕರೆಯುವಂಥದ್ದು. ಹತ್ತು ಕೆಂಪು, ಹತ್ತು ಬಿಳಿ, ಮತ್ತೆ ಹತ್ತು ಕೆಂಪು. ನಾವು ಪೇಟೆಯಿಂದ ಮಣಿ ತಂದು ಮನೆಯಲ್ಲೇ ಪೋಣಿಸಿ, ಕಿಟಕಿಯಿಂದ ಕಿಟಕಿಗೆ ಕಟ್ಟಿದೆವು.

ಜನವರಿಯ ಒಂದು ದಿನ 43ರಿಂದ 17 ಕಳೆ ಎಂದು ಕೊಟ್ಟಿದ್ದೆ. ಪುಸ್ತಕದಲ್ಲಿ 34 ಎಂದು ಬರೆದ. ಏಳರಲ್ಲಿ ಮೂರು ಹೋದರೆ ನಾಲ್ಕು, ನಾಲ್ಕರಲ್ಲಿ ಒಂದು ಹೋದರೆ ಮೂರು. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಅವನಿಗೆ ಯಾರೋ ಹೇಳಿದ್ದರಲ್ಲ! ನಾನು ಬಾಯಿ ತೆರೆಯುವ ಮೊದಲೇ ಎದ್ದು ಮಾಲೆ ಹತ್ತಿರ ಹೋದ. 43ರ ಮೇಲೆ ಬಟ್ಟೆ ಕ್ಲಿಪ್ ಹಾಕಿದ. ಹತ್ತು ಹಿಂದೆ ಬಂದ, 33. ಮೂರು ಬಂದ, ಬಣ್ಣ ಬದಲಾಗುವ ಜಾಗ, 30. ಇನ್ನು ನಾಲ್ಕು, 26. ಮತ್ತೆ ಮೊದಲಿನಿಂದ ಎಣಿಸಿದ, 26. ಮೂರನೇ ಸಲವೂ ಅದೇ. ಪುಸ್ತಕ ಹಿಡಿದು ನನ್ನ ಮುಂದೆ ಬಂದು ನಿಂತ. 'ಮಾಮ, ಇಲ್ಲಿ 34, ಅಲ್ಲಿ 26. ಯಾವುದು ಸುಳ್ಳು?'

ಅಳಲಿಲ್ಲ. ರಬ್ಬರ್ ಹುಡುಕಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು. ಡೈನೊಸಾರಿಗೆ ಬಣ್ಣ ತುಂಬುವಾಗ, ಡ್ರ್ಯಾಗನ್ ಮೊಟ್ಟೆ ಒಡೆಯುವಾಗ ಅವನು ನಗುತ್ತಿದ್ದ. ಈಗ ನಗುತ್ತಿರಲಿಲ್ಲ, ಹುಬ್ಬು ಗಂಟಿಕ್ಕಿತ್ತು. ಆದರೂ ಬಿಡುತ್ತಿಲ್ಲ. ಪುಸ್ತಕ ಸಿಕ್ಕಿತು ಎಂದು ನನಗೆ ಅನಿಸಿದ್ದು ಆಗಲೇ.

ಮಾಲೆಯ ಮುಂದೆ ಇಬ್ಬರೂ ಕೂತೆವು. 'ಪಕ್ಕದಿಂದ ಒಂದು ಸಾಲ ತಗೋ' ಎಂದು ನಾನು ಹದಿಮೂರು ವರ್ಷದಿಂದ ಮಾಡುತ್ತಿದ್ದ ವ್ಯವಕಲನದಲ್ಲಿ ಆ 'ಒಂದು' ಹತ್ತು ಮಣಿಯ ಒಂದಿಡೀ ಕಟ್ಟು ಎಂಬುದು ಅವತ್ತು ನನ್ನ ಕಣ್ಣಿಗೂ ಬಿತ್ತು. 'ಸಾಲ ಅಂದ್ಮೇಲೆ ವಾಪಸ್ ಯಾವಾಗ ಕೊಡ್ತಾನೆ?' ಎಂದ ಪುಟ್ಟ. ಕೊಡಲ್ಲ ಕಣೋ ಎಂದೆ.

ಈಗ ಮಾರ್ಚ್. ಅವನಿನ್ನೂ ಎರಡನೇ ತರಗತಿಯ ಪುಸ್ತಕದ ಕೊನೆಯಲ್ಲಿದ್ದಾನೆ. ಜೂನ್‌ನಲ್ಲಿ ಏನು ಎಂದು ಭಾವ ಹೇಳಿಲ್ಲ, ನಾವೂ ಕೇಳಿಲ್ಲ. ಭಾನುವಾರ ಮಾತ್ರ ಅವರೇ ಚೌಕಾಬಾರಕ್ಕೆ ಕೂರುತ್ತಾರೆ, ಸೋಲುತ್ತಾರೆ. ಪುಟ್ಟನಿಗೆ ಈಚೆಗೆ ತಾನೇ ಲೆಕ್ಕ ಬರೆದು ನಮಗೆ ಕೊಡುವ ಚಟ. ಮೊನ್ನೆ ಶುಕ್ರವಾರ ಇಡ್ಲಿ ತಿನ್ನುತ್ತಾ ಒಂದು ಚೀಟಿ ನನ್ನತ್ತ ತಳ್ಳಿದ. 'ಮಾಮ 2,400 ರೂಪಾಯಿಗೆ ಡೈನೊಸಾರ್ ಪುಸ್ತಕ ತಂದ. 12 ಪುಟ ಮಾಡಿ ಬಿಟ್ಟೆವು. ಒಂದು ಪುಟಕ್ಕೆ ಎಷ್ಟು ರೂಪಾಯಿ ಬಿತ್ತು?'

ಅವನಿಗೆ ಇನ್ನೂ ಭಾಗಾಕಾರ ಬರುವುದಿಲ್ಲ. ನನಗೆ ಬರುತ್ತದೆ. ಆದರೆ ಅಕ್ಕ ಅಲ್ಲೇ ಚಟ್ನಿ ಬಡಿಸುತ್ತಾ ನಿಂತಿದ್ದಳು.