‘ಎಲ್ಲಾ ತಗದೀವಿ’ ಅಂದಿದ್ರು, ವರದಿ ಬೇರೆ ಹೇಳಿತು

ಪುಣೆಯ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ನಮ್ಮ ಪೆಥಾಲಜಿ ವಿಭಾಗವಿದೆ. ರೋಗಿಗಳು ಇಲ್ಲಿಗೆ ಬರುವುದಿಲ್ಲ. ಫಾರ್ಮಲಿನ್ ಡಬ್ಬಿಗಳಲ್ಲಿ ಅವರ ದೇಹದ ತುಣುಕುಗಳು ಬರುತ್ತವೆ. ಹಾಗಾಗಿ ಧಾರವಾಡ ಬಿಟ್ಟು ಬಂದ ಹದಿನಾಲ್ಕು ವರ್ಷಗಳಲ್ಲಿ ಡ್ಯೂಟಿ ಹೊತ್ತಿನಲ್ಲಿ ನಾನು ಕನ್ನಡ ಮಾತಾಡಿದ್ದು ತೀರಾ ಕಡಿಮೆ.

ಒಂದು ಮಧ್ಯಾಹ್ನ ವರದಿ ಕೊಡುವ ಕಿಟಕಿಯ ಬಳಿ ಒಬ್ಬ ಯುವಕ ಹರಕುಮುರುಕು ಹಿಂದಿಯಲ್ಲಿ ಏನೋ ಕೇಳುತ್ತಿದ್ದ. ನಡುವೆ ಫೋನಿಗೆ, ‘ತಡಿಯೋ, ಇಲ್ಲೇ ಕೇಳಾಕತ್ತೀನಿ’ ಎಂದ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ಯಾವೂರು ಎಂದು ಕೇಳಿದೆ.

‘ನವಲಗುಂದ ಹತ್ರ ರೀ ಅಕ್ಕಾರ’ ಎಂದ. ತಮ್ಮನಿಗೆ ಚಾಕಣದ ಕಾರ್ಖಾನೆಯಲ್ಲಿ ಕೆಲಸ. ಆ ಆಸರೆ ನಂಬಿ ಅಪ್ಪನನ್ನು ಇಲ್ಲಿಗೆ ಕರೆತಂದಿದ್ದರು. ಕಣ್ಣು ಹಳದಿಯಾದಾಗ ಊರಲ್ಲಿ ಮೂರು ವಾರ ಕಾಮಣಿ ಔಷಧ ಕುಡಿಸಿದ್ದರಂತೆ. ಆಮೇಲೆ ಸ್ಕ್ಯಾನ್‌ನಲ್ಲಿ ಮೇದೋಜ್ಜೀರಕ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆ ಕಂಡಿತ್ತು. ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನವಾಗಿತ್ತು.

‘ಡಾಕ್ಟ್ರು ಎಲ್ಲಾ ತಗದೀವಿ ಅಂದ್ರು. ಇದ್ರಾಗ ಆರ್-1 ಅಂತ ಬರದೈತಿ. ತಮ್ಮ ಮೊಬೈಲ್‌ನ್ಯಾಗ ನೋಡಿದ, ಒಳಗ ಇನ್ನೂ ಉಳದೈತಿ ಅಂತ ಅರ್ಥಂತ. ಯಾರ ಮಾತು ಖರೆ ರೀ?’

ಆ ವರದಿಯ ಕೆಳಗಿದ್ದ ಸಹಿ ನನ್ನದೇ.

ಇಬ್ಬರ ಮಾತೂ ಖರೆ. ಆದರೆ ಅದನ್ನು ಅವನಿಗೆ ಹೇಗೆ ಹೇಳುವುದು? ವರದಿ ಬರೆದವರು ರೋಗಿಯ ಕಡೆಯವರ ಜೊತೆ ಕೂತು ಮಾತಾಡುವ ರೂಢಿ ನಮ್ಮಲ್ಲಿಲ್ಲ. ಸರ್ಜನ್‌ಗೆ ಫೋನ್ ಮಾಡಿದೆ. ‘ನಿಮ್ಮ ಭಾಷೆಯವರಲ್ಲವೆ, ನೀವೇ ತಿಳಿಸಿ ಹೇಳಿ. ಸಂಜೆ ನಾನೂ ಮಾತಾಡುತ್ತೇನೆ’ ಎಂದರು.

ಈ ಗ್ರಂಥಿ ಇರುವುದು ಜಠರದ ಹಿಂದೆ, ಬೆನ್ನುಮೂಳೆಗೆ ಹತ್ತಿರ. ಅದರ ತಲೆಭಾಗದ ಕ್ಯಾನ್ಸರ್‌ಗೆ ಮಾಡುವುದು ವಿಪಲ್ ಶಸ್ತ್ರಚಿಕಿತ್ಸೆ. 1935ರಲ್ಲಿ ಅಮೆರಿಕದ ಅಲೆನ್ ವಿಪಲ್ ಈ ಬಗ್ಗೆ ಬರೆದ ಮೇಲೆ ಅವರ ಹೆಸರೇ ನಿಂತಿತು. ಗ್ರಂಥಿಯ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಒಂದು ಭಾಗ ಎಲ್ಲವನ್ನೂ ಒಟ್ಟಾಗಿ ತೆಗೆದು, ಉಳಿದದ್ದನ್ನು ಮತ್ತೆ ಜೋಡಿಸುತ್ತಾರೆ. ಹಲವು ಗಂಟೆಗಳ ಕೆಲಸ.

ತೊಡಕು ಇರುವುದು ಅಂಚಿನಲ್ಲಿ. ಕರುಳಿನ ಕ್ಯಾನ್ಸರ್ ಆದರೆ ಗಡ್ಡೆಯ ಆಚೀಚೆ ಧಾರಾಳವಾಗಿ ಬಿಟ್ಟು ಕತ್ತರಿಸಬಹುದು. ಇಲ್ಲಿ ಗ್ರಂಥಿಗೆ ಅಂಟಿಕೊಂಡೇ ದೊಡ್ಡ ರಕ್ತನಾಳ ಹರಿಯುತ್ತದೆ. ಪಕ್ಕದಲ್ಲೇ ಇಡೀ ಸಣ್ಣ ಕರುಳಿಗೆ ರಕ್ತ ಒಯ್ಯುವ ಅಪಧಮನಿ ಇದೆ. ಅಲ್ಲಿ ಸರ್ಜನ್‌ಗೆ ಸಿಗುವ ಜಾಗ ಕೆಲವೇ ಮಿಲಿಮೀಟರ್. ಗ್ರಂಥಿಯ ಕುತ್ತಿಗೆ, ಪಿತ್ತನಾಳ ಇವುಗಳ ತುಂಡನ್ನು ಆಪರೇಷನ್ ನಡೆಯುವಾಗಲೇ ನಮಗೆ ಕಳಿಸುತ್ತಾರೆ. ಹೆಪ್ಪುಗಟ್ಟಿಸಿ, ಸೀಳಿ, ಸುಮಾರು ಅರ್ಧ ಗಂಟೆಯೊಳಗೆ ಉತ್ತರ ಹೇಳುತ್ತೇವೆ. ಕ್ಯಾನ್ಸರ್ ಇದ್ದರೆ ಇನ್ನಷ್ಟು ಕತ್ತರಿಸಬಹುದು. ಅಪಧಮನಿಯ ಕಡೆ ಹಾಗೆ ಮುಂದೆ ಹೋಗುವಂತಿಲ್ಲ.

ಆಮೇಲಿನದು ನೆಲಮಾಳಿಗೆಯ ಕೆಲಸ. ತೆಗೆದ ಭಾಗದ ಒಂದೊಂದು ಮುಖಕ್ಕೆ ಒಂದೊಂದು ಬಣ್ಣದ ಶಾಯಿ ಬಳಿಯುತ್ತೇವೆ: ರಕ್ತನಾಳ ಕೂತಿದ್ದ ತಗ್ಗಿಗೆ ನೀಲಿ, ಅಪಧಮನಿಯ ಕಡೆಗೆ ಹಸಿರು, ಬೆನ್ನ ಕಡೆಗೆ ಕಪ್ಪು. ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಮೇಲೆ ಬ್ರೆಡ್ ಹೋಳುಗಳಂತೆ ತೆಳ್ಳಗೆ ಕೊಯ್ದು, ಸಾಲಾಗಿ ಜೋಡಿಸಿ, ಫೋಟೊ ತೆಗೆದು, ಅಂಚಿನ ತುಣುಕುಗಳನ್ನು ಮೇಣದಲ್ಲಿ ಕೂರಿಸಿ ಸ್ಲೈಡ್ ಮಾಡುತ್ತೇವೆ. ಸೂಕ್ಷ್ಮದರ್ಶಕದಲ್ಲಿ ಆ ಬಣ್ಣದ ಗೆರೆಯೇ ಗಡಿ. ಕ್ಯಾನ್ಸರ್ ಕೋಶ ಅದರಿಂದ ಎಷ್ಟು ದೂರವಿದೆ ಎಂದು ಅಳೆಯುತ್ತೇವೆ. ಗಡಿಯಲ್ಲಿ ರೋಗವಿಲ್ಲದಿದ್ದರೆ ಆರ್-0. ಸೂಕ್ಷ್ಮದರ್ಶಕಕ್ಕೆ ಮಾತ್ರ ಕಂಡರೆ ಆರ್-1. ಬರಿಗಣ್ಣಿಗೆ ಕಾಣುವಂತೆ ಗಡ್ಡೆ ಉಳಿದಿದ್ದರೆ ಆರ್-2. ಬ್ರಿಟನ್ನಿನ ಪೆಥಾಲಜಿಸ್ಟರು ಗಡಿಯಿಂದ ಒಂದು ಮಿಲಿಮೀಟರ್ ಒಳಗೆ ಕೋಶ ಕಂಡರೂ ಆರ್-1 ಎನ್ನುತ್ತಾರೆ. ಶಾಯಿಯನ್ನೇ ಮುಟ್ಟಿದ್ದರೆ ಮಾತ್ರ ಆರ್-1 ಎನ್ನುವವರೂ ಇದ್ದಾರೆ. ಅದಕ್ಕೇ ನಾವು ಅಂತರವನ್ನೂ ಬರೆಯುತ್ತೇವೆ.

ಕಲಿಯುತ್ತಿದ್ದ ದಿನಗಳಲ್ಲಿ ಅಪಧಮನಿಯ ಕಡೆಯ ಎರಡೇ ತುಣುಕು ನೋಡಿ ‘ಅಂಚು ಸ್ವಚ್ಛ’ ಎಂದು ಕರಡು ಬರೆದಿದ್ದೆ. ನಮ್ಮ ಹಿರಿಯರು ಅದನ್ನು ಓದಿ, ‘ಡಬ್ಬಿಯಲ್ಲಿ ಉಳಿದಿದ್ದನ್ನು ನೋಡಿದೆಯಾ?’ ಎಂದಷ್ಟೇ ಕೇಳಿದರು. ಮತ್ತೆ ಆರು ತುಣುಕು ತೆಗೆದೆ. ನಾಲ್ಕನೆಯದರಲ್ಲಿ, ಹಸಿರು ಗೆರೆಯಿಂದ ಅರ್ಧ ಮಿಲಿಮೀಟರ್ ದೂರದಲ್ಲಿ, ಒಂದು ನರವನ್ನು ಸುತ್ತಿಕೊಂಡು ಕ್ಯಾನ್ಸರ್ ಕೂತಿತ್ತು. ಆ ಕರಡು ತಿದ್ದಿ ಹೋಯಿತು. ಅದಕ್ಕೂ ಮೊದಲು ಹೀಗೆಯೇ ‘ಸ್ವಚ್ಛ’ ಎಂದು ಬರೆದಿದ್ದೆನಲ್ಲ, ಅವುಗಳ ನೆನಪು ಈಗಲೂ ಕಾಡುತ್ತದೆ.

ಈ ತಪ್ಪು ನನ್ನೊಬ್ಬಳದೇ ಆಗಿರಲಿಲ್ಲ. ಜರ್ಮನಿಯ ಹೈಡೆಲ್‌ಬರ್ಗ್ ತಂಡ 2008ರಲ್ಲಿ ತನ್ನದೇ ಲೆಕ್ಕವನ್ನು ಪ್ರಕಟಿಸಿತು. ಹಳೆಯ ರೀತಿಯ ಪರೀಕ್ಷೆಯಲ್ಲಿ ಅಲ್ಲಿ ಆರ್-1 ಬರುತ್ತಿದ್ದುದು ಶೇ 14ರಷ್ಟು. ಎಲ್ಲ ಮುಖಗಳಿಗೂ ಬಣ್ಣ ಹಚ್ಚಿ, ಕ್ರಮಬದ್ಧವಾಗಿ ಕೊಯ್ದು ನೋಡತೊಡಗಿದ ಮೇಲೆ ಅದು ಶೇ 76ಕ್ಕೆ ಏರಿತು. ಸರ್ಜನ್‌ಗಳ ಕೈ ಕೆಟ್ಟಿರಲಿಲ್ಲ, ನೋಡುವ ರೀತಿ ಬದಲಾಗಿತ್ತು. ಹಾಗಾಗಿ ‘ನಮ್ಮಲ್ಲಿ ಬಹುತೇಕ ಆರ್-0’ ಎಂದು ಯಾರಾದರೂ ಹೇಳಿದರೆ ಅವರು ಚೆನ್ನಾಗಿ ಕತ್ತರಿಸಿದ್ದಾರೋ, ಕಡಿಮೆ ಹುಡುಕಿದ್ದಾರೋ ಎಂದು ನಾನು ಮೊದಲು ಯೋಚಿಸುತ್ತೇನೆ.

ಇಷ್ಟನ್ನೂ ಆ ಹುಡುಗನಿಗೆ ಹೇಳಲಿಲ್ಲ. ಸರ್ಜನ್ ಕಣ್ಣಿಗೆ ಕಂಡದ್ದನ್ನೆಲ್ಲ ತೆಗೆದಿದ್ದಾರೆ, ನಾನು ಕಂಡದ್ದು ಕಣ್ಣಿಗೆ ಕಾಣದ್ದು, ಈ ರೋಗ ನರಗಳ ಗುಂಟ ಚದುರಿ ಹೋಗುತ್ತದೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

‘ಕರಿಕಿ ಇದ್ದಂಗ ಅನ್ರಿ. ಹೊಲದಾಗ ಎಷ್ಟು ಅಗದ್ರೂ ಒಂದು ಗಿಣ್ಣು ಉಳದ್ರ ಸಾಕು, ಮತ್ತ ಚಿಗೀತೈತಿ.’

ಎರೆಹೊಲದ ಕರಿಕೆ ಕಂಡವರಿಗೆ ಇದಕ್ಕಿಂತ ಚೆನ್ನಾಗಿ ವಿವರಿಸಲು ನನ್ನಿಂದಾಗದು.

‘ಹಂಗಾದ್ರ ಎಣ್ಣಿ ಹೊಡೀಬೇಕೇನ್ರಿ?’ ಎಂದ. ಹೌದು, ಕಿಮೋ ಬೇಕು ಎಂದೆ. ಇನ್ನೊಂದು ಮಾತನ್ನೂ ಸೇರಿಸಿದೆ: ಆರ್-0 ಬಂದಿದ್ದರೂ ಕಿಮೋ ಬೇಕಿತ್ತು. ಈ ಕ್ಯಾನ್ಸರ್‌ನಲ್ಲಿ ಶಸ್ತ್ರಚಿಕಿತ್ಸೆಯ ಬಳಿಕ ದೇಹ ತಡೆದುಕೊಳ್ಳುವಂತಿದ್ದರೆ ಎಲ್ಲರಿಗೂ ಕಿಮೋ ಸಲಹೆ ಮಾಡುತ್ತಾರೆ. ಆರ್-1 ಬಂದವರಲ್ಲಿ ರೋಗ ಮರಳುವ ಸಾಧ್ಯತೆ ಹೆಚ್ಚು ಎಂಬುದನ್ನೂ ಮುಚ್ಚಿಡಲಿಲ್ಲ. ಅವನು ಕೇಳಿದ್ದು ಖರೆ ಯಾವುದು ಎಂದಲ್ಲವೆ?

ಇಂಥ ವರದಿ ನಿಮ್ಮ ಮನೆಗೆ ಬಂದರೆ ಮೊಬೈಲ್‌ನಲ್ಲಿ ಹುಡುಕುವ ಮೊದಲು ವೈದ್ಯರನ್ನು ಮೂರು ವಿಷಯ ಕೇಳಿ. ಯಾವ ಅಂಚಿನಲ್ಲಿ ಕ್ಯಾನ್ಸರ್ ಕಂಡಿದೆ? ಗಡಿಯಿಂದ ಎಷ್ಟು ಮಿಲಿಮೀಟರ್ ದೂರ? ಎಷ್ಟು ದುಗ್ಧಗ್ರಂಥಿಗಳನ್ನು ನೋಡಿದ್ದಾರೆ, ಎಷ್ಟರಲ್ಲಿ ರೋಗವಿದೆ? ವರದಿ ‘ಸ್ವಚ್ಛ’ ಎಂದಿದ್ದರೂ ಎಲ್ಲ ಅಂಚುಗಳ ಹೆಸರು ಅದರಲ್ಲಿದೆಯೇ ಎಂದು ನೋಡಿ. ಒಂದೇ ಸಾಲಿನಲ್ಲಿ ಮುಗಿಸಿದ್ದರೆ ವಿವರ ಕೇಳುವುದು ನಿಮ್ಮ ಹಕ್ಕು. ಸ್ಲೈಡ್‌ಗಳನ್ನು ಪಡೆದು ಇನ್ನೊಬ್ಬ ಪೆಥಾಲಜಿಸ್ಟರಿಗೂ ತೋರಿಸಬಹುದು.

ಆ ತಂದೆ ಹುಬ್ಬಳ್ಳಿಯಲ್ಲಿ ಆರು ತಿಂಗಳು ಕಿಮೋ ತೆಗೆದುಕೊಂಡರು. ಎರಡು ಹಿಂಗಾರಿ ಹಂಗಾಮು ಕಂಡರು. ಎರಡನೆಯ ಸಲ ಕಡಲೆ ಕಿತ್ತಾದ ಮೇಲೆ ರೋಗ ಮರಳಿತು. ಅವರು ತೀರಿಕೊಂಡ ಸುದ್ದಿ ಹೇಳಲು ಮಗ ಫೋನ್ ಮಾಡಿದ್ದ. ಹೊಲದ ಪಾಲು, ತಂಗಿಯ ಮದುವೆ, ಸೊಸೈಟಿಯ ಸಾಲ ಎಲ್ಲವನ್ನೂ ಅಪ್ಪ ತಾವೇ ಕೂತು ಮುಗಿಸಿ ಹೋದರಂತೆ. ‘ನೀವು ಅವತ್ತ ಖರೆ ಹೇಳಿದ್ದು ಛಲೋ ಆತ್ರಿ ಅಕ್ಕಾರ’ ಎಂದ.

ಮರುದಿನ ಬೆಳಿಗ್ಗೆ ಇನ್ನೊಂದು ವಿಪಲ್ ಬಂದಿತ್ತು. ಹಸಿರು ಶಾಯಿಯ ಬಾಟಲಿ ತೆಗೆದು, ಹೊಸದಾಗಿ ಸೇರಿದ ಹುಡುಗಿಯನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡೆ.